ವೇಬ್ರಿಡ್ಜ್ ಗುಮಾಸ್ತನ ಬಿಪಿ ಪುಸ್ತಕ

ಮೂವತ್ತೊಂದು ವರ್ಷ ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್‌ನಲ್ಲಿ ಕುಳಿತು ಕಬ್ಬು ತೂಗಿದವನು ನಾನು. ಆ ಕೆಲಸ ಮೊದಲು ಕಲಿಸುವುದೇ ಅನುಮಾನವನ್ನು. ಗಾಡಿಯ ಒಂದು ಚಕ್ರ ತಟ್ಟೆಯ ಅಂಚಿನಾಚೆ ಇದ್ದರೆ ಲೆಕ್ಕ ತಪ್ಪು. ತಟ್ಟೆಯ ಸಂದಿಗೆ ಸೋಗೆ ಸಿಕ್ಕಿಕೊಂಡಿದ್ದರೆ ತಪ್ಪು. ತುಂಬಿದ ಲಾರಿ ತೂಗುವಾಗ ಒಳಗೆ ಕುಳಿತಿದ್ದ ಚಾಲಕ, ಖಾಲಿ ಲಾರಿ ತೂಗುವಾಗ ಬೀಡಿ ಸೇದಲು ಕೆಳಗಿಳಿದಿದ್ದರೆ ಅವನ ಎಪ್ಪತ್ತು ಕಿಲೋ ತೂಕವೂ ಕಬ್ಬಿನ ಹೆಸರಿಗೆ ಹೋಗುತ್ತದೆ. ಇಷ್ಟೆಲ್ಲ ತಿಳಿದಿದ್ದ ನಾನು ನನ್ನದೇ ಬಿಪಿ ವಿಷಯದಲ್ಲಿ ಎರಡು ಸಲ ಮೂರ್ಖನಾದೆ.

ನಿವೃತ್ತಿಯಾದ ಮರುವರ್ಷ ನಮ್ಮ ಬಡಾವಣೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಕಾಫಿ ಕುಡಿದು ಮಹಡಿಯ ಮೆಟ್ಟಿಲು ಹತ್ತಿ ಹೋದೆ. ತುಂಬುತೋಳಿನ ಅಂಗಿಯ ಮೇಲೆಯೇ ಪಟ್ಟಿ ಸುತ್ತಿದರು. ಕೈ ಜೋತುಬಿದ್ದಿತ್ತು. ಗಾಳಿ ತುಂಬುತ್ತಿರುವಾಗಲೇ ಹೆಸರು, ವಯಸ್ಸು, ಮನೆ ನಂಬರು ಕೇಳಿದರು, ನಾನೂ ಹೇಳುತ್ತ ಹೋದೆ. 168/98 ಎಂದು ಚೀಟಿ ಬರೆದುಕೊಟ್ಟರು. ಇಂಥ ತೂಕವನ್ನು ನಾನಾಗಿದ್ದರೆ ಪುಸ್ತಕಕ್ಕೆ ಏರಿಸುತ್ತಲೇ ಇರಲಿಲ್ಲ ಎಂದುಕೊಂಡು ಚೀಟಿಯನ್ನು ಜೇಬಿನಲ್ಲೇ ಮರೆತೆ. ನಾಲ್ಕು ತಿಂಗಳ ನಂತರ ಹಲ್ಲು ಕೀಳಿಸಲು ಹೋದಾಗ ದಂತವೈದ್ಯರು ಬಿಪಿ ನೋಡಿ, 172/100 ಇರುವಾಗ ಕೀಳುವುದಿಲ್ಲ ಎಂದು ವಾಪಸು ಕಳಿಸಿದರು. ತಪ್ಪಾಗಿ ತೂಗಿದ್ದನ್ನು ನಂಬಬಾರದು, ಸರಿ. ಆದರೆ ತಪ್ಪಾಗಿ ತೂಗಿದರೆಂದು ತೂಗುವುದನ್ನೇ ಬಿಡಬಹುದೇ? ಗಾಡಿಯನ್ನು ಹಿಂದಕ್ಕೆ ತೆಗೆಸಿ ಮತ್ತೆ ನಿಲ್ಲಿಸಿ ತೂಗಬೇಕಿತ್ತು. ನಾಲ್ಕು ತಿಂಗಳು ವ್ಯರ್ಥವಾಯಿತು.

ಇನ್ನೊಂದು ಮೂರ್ಖತನವೆಂದರೆ, ಇಷ್ಟು ಬಿಪಿ ಇದ್ದರೆ ನನಗೆ ತಿಳಿಯದೇ ಇರುತ್ತದೆಯೇ ಎಂಬ ಭ್ರಮೆ. ತಿಳಿಯುವುದಿಲ್ಲ. ಹೆಚ್ಚಿನವರಿಗೆ ತಲೆನೋವೂ ಇರುವುದಿಲ್ಲ, ತಲೆಸುತ್ತೂ ಇರುವುದಿಲ್ಲ. ಸಿಡುಕುವವರನ್ನು ಕಂಡರೆ ಬಿಪಿ ಮನುಷ್ಯ ಎನ್ನುತ್ತೇವೆ, ಆದರೆ ನಮ್ಮ ಬೀದಿಯ ಅತಿ ಶಾಂತ ಮನುಷ್ಯರಿಗೇ ನನಗಿಂತ ಹೆಚ್ಚು ಬಿಪಿ ಇದೆ. ಒಳಗೊಳಗೇ ಅದು ಮಿದುಳು, ಹೃದಯ, ಮೂತ್ರಪಿಂಡ, ಕಣ್ಣುಗಳ ರಕ್ತನಾಳಗಳನ್ನು ಸವೆಸುತ್ತಿರುತ್ತದೆ. ಮೈಯನ್ನು ಕೇಳಿ ಪ್ರಯೋಜನವಿಲ್ಲ, ಅಳೆದೇ ನೋಡಬೇಕು.

ಎರಡು ಸಂಖ್ಯೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹೃದಯ ಹಿಂಡಿ ರಕ್ತ ತಳ್ಳುವಾಗಿನ ಒತ್ತಡ ಮೇಲಿನದು, ಎರಡು ಬಡಿತಗಳ ನಡುವೆ ಅದು ಸಡಿಲಗೊಂಡಾಗಿನದು ಕೆಳಗಿನದು. 120 ಎಂದರೆ ಪಾದರಸವನ್ನು 120 ಮಿಲಿಮೀಟರ್ ಎತ್ತುವಷ್ಟು ಒತ್ತಡ. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರ. ನೀರಾದರೆ ಒಂದೂವರೆ ಮೀಟರಿಗಿಂತ ಮೇಲೇರುತ್ತದೆ. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಎಂಟು ಅಡಿಗೂ ಮೇಲೇರಿತಂತೆ. 1733ರಲ್ಲಿ ಅದನ್ನು ಪ್ರಕಟಿಸಿದ. ನಮ್ಮ ಪುಣ್ಯಕ್ಕೆ 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಉಪಾಯ ಕಂಡುಹಿಡಿದ.

ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಎರಡೂ ಏರಿರಬೇಕೆಂದಿಲ್ಲ, ಒಂದು ಏರಿದ್ದರೂ ಅಷ್ಟೆ. ಮನೆಯಲ್ಲಿ ಅಳೆದ ಸರಾಸರಿಗೆ ಗಡಿ ಸ್ವಲ್ಪ ಕೆಳಗೆ, 135/85. ಅಮೆರಿಕದವರು 2017ರಿಂದ 130/80 ಮುಟ್ಟಿದರೇ ಹೆಚ್ಚು ಎನ್ನುತ್ತಾರೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ನಮ್ಮ ವೈದ್ಯರೂ 130ರ ಒಳಗೆ ಇರಲಿ ಎನ್ನುವುದುಂಟು. ನಿಮ್ಮ ಗುರಿ ಎಷ್ಟೆಂದು ಕೇಳಿ ಬರೆಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಓಡಾಡುವ ವಯಸ್ಸಿಗೆ ನೂರು ಕೂಡಿಸಿದಷ್ಟು ಬಿಪಿ ಇದ್ದರೆ ಸರಿ ಎಂಬ ಲೆಕ್ಕವನ್ನು ಮರೆತುಬಿಡಿ.

ಕೂರುವ ಕ್ರಮ

ತೋಳಿಗೆ ಪಟ್ಟಿ ಸುತ್ತುವ ಯಂತ್ರವನ್ನೇ ಕೊಳ್ಳಿ. ಮಣಿಕಟ್ಟಿಗೆ ಕಟ್ಟುವುದು ನೋಡಲು ಮುದ್ದಾಗಿರುತ್ತದೆ, ಆದರೆ ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಲೆಕ್ಕ ಕೆಡುತ್ತದೆ. ಕೊಳ್ಳುವ ಮೊದಲು ದರ್ಜಿಯ ಟೇಪಿನಲ್ಲಿ ತೋಳಿನ ನಡುಭಾಗದ ಸುತ್ತಳತೆ ನೋಡಿಕೊಳ್ಳಿ. ಸಾಮಾನ್ಯವಾಗಿ ಯಂತ್ರದ ಜೊತೆ ಬರುವ ಪಟ್ಟಿ 22ರಿಂದ 32 ಸೆಂಟಿಮೀಟರ್ ತೋಳಿಗೆ. ನಮ್ಮ ಭಾವನವರದು 36. ಚಿಕ್ಕ ಪಟ್ಟಿಯಲ್ಲಿ ಬಿಗಿಸಿಕೊಂಡು ಇಲ್ಲದ ಬಿಪಿಯನ್ನೂ ಸೇರಿಸಿ ಓದುತ್ತಿದ್ದರು. ದೊಡ್ಡ ಪಟ್ಟಿ ತರಿಸಿದ ಮೇಲೆ ಸರಿಹೋಯಿತು.

ಮೊದಲು ಮೂತ್ರ ಮಾಡಿ ಬನ್ನಿ. ತುಂಬಿದ ಮೂತ್ರಕೋಶ ಬಿಪಿಯನ್ನು ಏರಿಸುತ್ತದೆ ಎಂಬುದು ನನಗೆ ಅರವತ್ತು ವರ್ಷವಾಗುವ ತನಕ ಗೊತ್ತಿರಲಿಲ್ಲ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಟೀ, ಬೀಡಿ, ಹೊಗೆಸೊಪ್ಪು, ನಡಿಗೆ ಯಾವುದೂ ಬೇಡ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂರಿ. ದಿವಾನ್ ಮಂಚ ಬೇಡ, ಚಾಪೆಯ ಮೇಲೆ ಚಕ್ಕಳಮಕ್ಕಳವೂ ಬೇಡ. ಎರಡೂ ಪಾದ ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಹಾಕಬೇಡಿ. ತೋಳು ಬರಿದಾಗಿರಲಿ. ಅಂಗಿಯನ್ನು ಸುರುಳಿ ಸುತ್ತಿ ಮೇಲೆ ತಳ್ಳಿದರೆ ಅದೇ ಬಿಗಿಯುತ್ತದೆ, ಆ ತೋಳಿನಿಂದ ಅಂಗಿ ತೆಗೆದುಬಿಡಿ. ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ ಪಟ್ಟಿಯ ಕೆಳ ಅಂಚು ಬರಲಿ. ಕೈಯನ್ನು ಮೇಜಿನ ಮೇಲಿಡಿ. ಮೇಜು ತಗ್ಗಿದ್ದರೆ ದಿಂಬು ಇಟ್ಟು ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ. ಹೀಗೆ ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಗುಂಡಿ ಒತ್ತಿ.

ಸುಮ್ಮನೆ ಎಂದರೆ ಸುಮ್ಮನೆ. ನಮ್ಮ ಮನೆಯವರು ಅಡುಗೆಮನೆಯಿಂದಲೇ, "ರೀ, ಗ್ಯಾಸ್ ಬುಕ್ ಮಾಡಿದಿರಾ?" ಎಂದು ಕೇಳುವುದೂ, ನಾನು ಹೂಂ ಎನ್ನುವುದೂ ಸಾಕು, ಅಂಕಿ ಏರುತ್ತದೆ. ಈಗ ಯಂತ್ರ ಹೊರಗೆ ಬಂದರೆ ಮನೆಯಲ್ಲಿ ಮೌನ. ಮೊಮ್ಮಗ ಇದನ್ನು ತಾತನ ಪೂಜೆ ಎಂದು ಕರೆಯುತ್ತಾನೆ.

ಮೊದಲ ದಿನ ಎರಡೂ ತೋಳು ನೋಡಿ, ಹೆಚ್ಚು ತೋರಿಸಿದ ತೋಳನ್ನೇ ಮುಂದೆಯೂ ಬಳಸಿ. ಎರಡು ತೋಳಿಗೂ ಸದಾ 15ಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತಿದ್ದರೆ ವೈದ್ಯರಿಗೆ ಹೇಳಿ. ನಾಡಿಯ ಬಡಿತ ಏರುಪೇರಾಗಿರುವವರಿಗೆ ಈ ಬ್ಯಾಟರಿ ಯಂತ್ರಗಳು ಅಷ್ಟು ನಂಬಿಕಸ್ಥವಲ್ಲ, ಅವರೂ ವೈದ್ಯರನ್ನು ಕೇಳಬೇಕು.

ಯಂತ್ರ ತಂದ ದಿನ ನಾನು ಒಂಬತ್ತು ಸಲ ಅಳೆದೆ. ಹೆದರಿಕೆಯಿಂದ ಅಂಕಿ ಏರಿತು, ಅಂಕಿ ನೋಡಿ ಹೆದರಿಕೆ ಏರಿತು. ಹಾಗೆ ಮಾಡಬೇಡಿ. ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ, ಮಾತ್ರೆಗೂ ತಿಂಡಿಗೂ ಮೊದಲು ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ರಾತ್ರಿ ಊಟಕ್ಕೆ ಮೊದಲು ಎರಡು ಸಲ. ಏಳು ದಿನ, ಪ್ರತಿ ಸಲದ್ದನ್ನೂ ಒಂದು ಪುಸ್ತಕದಲ್ಲಿ ಬರೆಯುತ್ತ ಹೋಗಿ. ಮೊದಲ ದಿನದ್ದನ್ನು ಹೊಡೆದುಹಾಕಿ, ಉಳಿದ ಆರು ದಿನದ ಇಪ್ಪತ್ತನಾಲ್ಕು ಅಳತೆಗಳನ್ನು ಕೂಡಿ ಇಪ್ಪತ್ತನಾಲ್ಕರಿಂದ ಭಾಗಿಸಿ. ಮೇಲಿನವು ಬೇರೆ, ಕೆಳಗಿನವು ಬೇರೆ. ಬಂದ ಸರಾಸರಿಯೇ ನಿಮ್ಮ ಬಿಪಿ. ನನ್ನ ಮೊದಲ ವಾರದ ಸರಾಸರಿ 152/94 ಬಂತು. ಶಿಬಿರದ 168 ಹೆಚ್ಚೇ ಆಗಿತ್ತು, ಆದರೆ ನನಗೆ ಬಿಪಿ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ಸುಳ್ಳಾಗಿತ್ತು. ಬಿಳಿ ಕೋಟು ಕಂಡರೆ ಮಾತ್ರ ಏರುವವರಿದ್ದಾರೆ. ಆಸ್ಪತ್ರೆಯಲ್ಲಿ ಸರಿಯಿದ್ದು ಮನೆಯಲ್ಲಿ ಏರುವವರೂ ಇದ್ದಾರೆ. ಇಬ್ಬರೂ ಸಿಕ್ಕಿಬೀಳುವುದು ಈ ಪುಸ್ತಕದಲ್ಲಿ. ಅಳತೆಗಳನ್ನು 130, 140 ಎಂದು ದುಂಡಗೆ ಮಾಡಿ ಬರೆಯಬೇಡಿ. ಸೊನ್ನೆಯಲ್ಲೇ ಮುಗಿಯುವ ತೂಕದ ಪುಸ್ತಕ ಕಂಡರೆ ನಮ್ಮ ಲೆಕ್ಕಪರಿಶೋಧಕರು ಮೊದಲು ಗುಮಾಸ್ತನನ್ನೇ ಕರೆಸುತ್ತಿದ್ದರು.

ಉಪ್ಪಿನ ಪೊಟ್ಟಣ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಒಂದು ಮಟ್ಟಸ ಟೀ ಚಮಚದಷ್ಟು. "ನಾವು ಅಷ್ಟೇನೂ ತಿನ್ನುವುದಿಲ್ಲ" ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದ್ದೆ. ಆಮೇಲೆ ಹಳೆಯ ಚಾಳಿಯಂತೆ ಒಂದು ಕೆಲಸ ಮಾಡಿದೆ. ಒಂದು ಕಿಲೋ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಟ್ಟೆ. ಮನೆಯಲ್ಲಿ ನಾವು ನಾಲ್ವರು ದೊಡ್ಡವರು, ಮೊಮ್ಮಗ ಆಗಾಗ ಬರುವವನು. ತಲೆಗೆ ಐದು ಗ್ರಾಂನಂತೆ ದಿನಕ್ಕೆ ಇಪ್ಪತ್ತು. ಪೊಟ್ಟಣ ಐವತ್ತು ದಿನ ಬರಬೇಕು. ಇಪ್ಪತ್ತಮೂರನೆಯ ದಿನಕ್ಕೆ ಖಾಲಿಯಾಯಿತು. ತಲೆಗೆ ಹತ್ತಿರ ಹತ್ತಿರ ಹನ್ನೊಂದು ಗ್ರಾಂ! ಇದರಲ್ಲಿ ಉಪ್ಪಿನಕಾಯಿಗೆ ಬೇರೆಯಾಗಿ ತರುವ ಕಲ್ಲುಪ್ಪು ಸೇರಿಲ್ಲ, ಬೇಕರಿಯ ಖಾರ ಬನ್ನು ಸೇರಿಲ್ಲ, ಮೈಸೂರಿಗೆ ಹೋಗಿಬರುವಾಗ ರೈಲಿನಲ್ಲಿ ತಿನ್ನುವ ಮದ್ದೂರು ವಡೆಯೂ ಸೇರಿಲ್ಲ.

ಉಪ್ಪಿನಕಾಯಿಯ ಲೆಕ್ಕವನ್ನೂ ಹಾಕಿದೆ. ನಮ್ಮ ಮನೆಯಲ್ಲಿ ಕಿಲೋ ನಿಂಬೆಗೆ ಕಾಲು ಕಿಲೋ ಉಪ್ಪು. ಅಂದರೆ ಹತ್ತು ಗ್ರಾಂನ ಒಂದು ಹೋಳಿನಲ್ಲಿ ಎರಡು ಗ್ರಾಂ. ಮಜ್ಜಿಗೆ ಅನ್ನಕ್ಕೆ ಎರಡು ಹೋಳು ಹಾಕಿಸಿಕೊಳ್ಳುತ್ತಿದ್ದೆ; ದಿನದ ಪಾಲಿನ ಐದರಲ್ಲಿ ನಾಲ್ಕು ಭಾಗ ಅಲ್ಲಿಯೇ ಮುಗಿಯುತ್ತಿತ್ತು. ಇದನ್ನು ಹೇಳಿದಾಗ ನಮ್ಮ ಮನೆಯವರು, "ಉಪ್ಪಿಗಿಂತ ರುಚಿಯಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರೇ?" ಎಂದರು. ಹಿರಿಯರಿಗೆ ಮೈಬಗ್ಗಿಸಿ ದುಡಿಯುವ ಗದ್ದೆ ಇತ್ತು, ಆಮೇಲೆ ಸಂಜೆ ಬೇಕರಿ ಇರಲಿಲ್ಲ ಎಂದು ನಾನು ವಾದ ಮಾಡಿದೆ. ಗೆದ್ದೆನೋ ಇಲ್ಲವೋ, ಅವರು ಅಡುಗೆ ಬದಲಿಸಿದರು.

ಮಂಡ್ಯದ ಊಟದಲ್ಲಿ ಉಪ್ಪು ಕಡಿಮೆ ಮಾಡುವುದು ಅಂದುಕೊಂಡಷ್ಟು ಕಷ್ಟವಿಲ್ಲ. ನಮ್ಮ ಮನೆಯಲ್ಲಿ ಮುದ್ದೆಗೆ ಮೊದಲಿನಿಂದಲೂ ಉಪ್ಪು ಹಾಕುವುದಿಲ್ಲ, ಅದು ಲಾಭ. ಅನ್ನಕ್ಕೂ ನಿಲ್ಲಿಸಿದರು. ಉಪ್ಪೆಸರನ್ನು ಬಿಡಬೇಕಾಗುತ್ತದೆಯೇ ಎಂದು ನನಗೆ ದುಃಖವಾಗಿತ್ತು, ಹೆಸರಿನಲ್ಲೇ ಉಪ್ಪಿದೆಯಲ್ಲ! ಬಿಡಲಿಲ್ಲ. ಕಾಳು, ಸೊಪ್ಪು ಬೇಯಿಸಿದ ನೀರಿಗೆ ಉಪ್ಪನ್ನು ಅರ್ಧಕ್ಕಿಳಿಸಿ, ಜೊತೆಗೆ ಅರೆಯುವ ಖಾರಕ್ಕೆ ಬೆಳ್ಳುಳ್ಳಿ, ಮೆಣಸು, ಹುಣಿಸೆಹಣ್ಣು ಹೆಚ್ಚಿಸಿದರು. ಹುಳಿ ಮುಂದಿದ್ದರೆ ನಾಲಿಗೆ ಉಪ್ಪನ್ನು ಅಷ್ಟಾಗಿ ಕೇಳುವುದಿಲ್ಲ. ಮಜ್ಜಿಗೆಗೆ ಉಪ್ಪಿನ ಬದಲು ಶುಂಠಿ, ಕರಿಬೇವು. ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಹಬ್ಬಕ್ಕೆ ಮಾತ್ರ. ಊಟದ ಜಾಗದಿಂದ ಉಪ್ಪಿನ ಬಟ್ಟಲು ಅಡುಗೆಮನೆಯ ಮೇಲಿನ ಗೂಡಿಗೆ ಹೋಯಿತು. ಮೊದಲ ಎರಡು ವಾರ ಎಲ್ಲವೂ ಸಪ್ಪೆ. ಮಗ ಮುಖ ಸಿಂಡರಿಸಿಕೊಂಡೇ ಉಣ್ಣುತ್ತಿದ್ದ. ತಿಂಗಳು ಕಳೆಯುವುದರೊಳಗೆ ನಾಲಿಗೆ ಒಗ್ಗಿತು. ಈಗ ಮದುವೆ ಮನೆಯ ಸಾರು ಎಲ್ಲರಿಗೂ ಉಪ್ಪುಪ್ಪು. ಇತ್ತೀಚಿನ ಪೊಟ್ಟಣ ನಲವತ್ತು ದಿನ ಬಂತು. ತಲೆಗೆ ಆರೂಕಾಲು ಗ್ರಾಂ. ಐವತ್ತು ಮುಟ್ಟಿಲ್ಲ.

ಹುರಿದ ಉಪ್ಪು ಏನೂ ಮಾಡುವುದಿಲ್ಲ ಎಂದು ನಂಬಿದವರಿಗೆ ಒಂದು ಮಾತು: ಹುರಿದರೆ ಹೋಗುವುದು ತೇವ, ಸೋಡಿಯಂ ಅಲ್ಲ. ಸೈಂಧವ ಲವಣವೂ ಬಹುಪಾಲು ಅದೇ ಉಪ್ಪು, ಬೆಲೆ ಮಾತ್ರ ಬೇರೆ. ಸೋಡಿಯಂ ಕಡಿಮೆ ಮಾಡಿದ ಉಪ್ಪು ಎಂದು ಮಾರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ, ಟೆಲ್ಮಿಸಾರ್ಟನ್, ಎನಲಾಪ್ರಿಲ್‌ನಂಥ ಬಿಪಿ ಮಾತ್ರೆ ನುಂಗುವವರಿಗೆ ಅದು ಅಪಾಯವಾಗಬಹುದು. ಎಳನೀರಿನಲ್ಲೂ ಪೊಟ್ಯಾಸಿಯಂ ಇರುವುದರಿಂದ ಅದನ್ನು ದಿನವೂ ಕುಡಿಯುವ ಮುನ್ನ ಇವರು ವೈದ್ಯರನ್ನು ಕೇಳಬೇಕು. ಮದ್ದೂರಿನ ಪಕ್ಕದಲ್ಲಿದ್ದುಕೊಂಡು ಹೀಗೆ ಬರೆಯುವುದು ನನಗೂ ಇಷ್ಟವಿಲ್ಲ. ಅಂಗಡಿ ತಿಂಡಿಯ ಪೊಟ್ಟಣದ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದಿರುತ್ತದೆ. 400 ಮಿಲಿಗ್ರಾಂ ಸೋಡಿಯಂ ಎಂದರೆ ಒಂದು ಗ್ರಾಂ ಉಪ್ಪು.

ಉಳಿದದ್ದು ನಿಮಗೆ ಗೊತ್ತಿರುವುದೇ. ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ನಾನು ಕ್ರೀಡಾಂಗಣದಲ್ಲಿ ಸುತ್ತುತ್ತೇನೆ, ಮಾತು ಆಡಬಹುದು ಆದರೆ ಹಾಡಲು ಆಗದಷ್ಟು ವೇಗ. ಬೊಜ್ಜು ಇಳಿಸಿದರೆ ಕಿಲೋಗೆ ಸುಮಾರು ಒಂದು ಅಂಕಿ ಇಳಿಯುತ್ತದೆ. ಕುಡಿತ ಬಿಪಿಯನ್ನು ನೇರವಾಗಿ ಏರಿಸುತ್ತದೆ. ಹೊಗೆ, ಕಡ್ಡಿಪುಡಿ ರಕ್ತನಾಳಗಳನ್ನು ಕೆಡಿಸುತ್ತವೆ. ಜೋರಾಗಿ ಗೊರಕೆ ಹೊಡೆದು ಉಸಿರು ನಿಂತು ನಿಂತು ಏಳುವವರು ಅದನ್ನು ವೈದ್ಯರಿಗೆ ಹೇಳಬೇಕು, ಏರಿದ ಬಿಪಿಗೆ ಅದೇ ಕಾರಣವಿರಬಹುದು.

ಮಾತ್ರೆ

ಉಪ್ಪು, ನಡಿಗೆ ಎರಡರಿಂದಲೇ ನನ್ನದು ಇಳಿಯಲಿಲ್ಲ. ವೈದ್ಯರು ರಕ್ತ, ಮೂತ್ರ, ಇಸಿಜಿ ನೋಡಿ ಆಮ್ಲೊಡಿಪಿನ್ ಐದು ಮಿಲಿಗ್ರಾಂ ಬರೆದರು. ಮೂರನೆಯ ದಿನ ಅಂಕಿ ಇಳಿದಿಲ್ಲವೆಂದು ಫೋನ್ ಮಾಡಿ ಬೈಸಿಕೊಂಡೆ. ಅದು ಪೂರ್ತಿ ಕೆಲಸ ಮಾಡಲು ಒಂದೆರಡು ವಾರ ಬೇಕು. ಎರಡು ತಿಂಗಳಿಗೆ ಬಿಪಿ ಇಳಿಯಿತು, ಕಣಕಾಲು ಊದಿತು. ಇದು ಆ ಮಾತ್ರೆಯ ಪರಿಚಿತ ಗುಣ. ನಾನೇ ನಿಲ್ಲಿಸದೆ ಹೋಗಿ ತೋರಿಸಿದ್ದಕ್ಕೆ ಟೆಲ್ಮಿಸಾರ್ಟನ್‌ಗೆ ಬದಲಿಸಿದರು. ರಕ್ತದ ಪೊಟ್ಯಾಸಿಯಂ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಮತ್ತೆ ನೋಡಿದರು. ಎನಲಾಪ್ರಿಲ್ ಜಾತಿಯವು ಕೆಲವರಿಗೆ ಒಣಕೆಮ್ಮು ತರುತ್ತವೆ. ಕೆಮ್ಮಿನ ಔಷಧಿ ಕುಡಿಯುತ್ತ ಆರು ತಿಂಗಳು ಕಳೆದವರನ್ನು ನೋಡಿದ್ದೇನೆ. ಎದ್ದ ಕೂಡಲೇ ತಲೆ ತಿರುಗಿದರೆ ನಿಂತು ಅಳೆದು ಅದನ್ನೂ ಪುಸ್ತಕದಲ್ಲಿ ಬರೆಯಿರಿ. ನನ್ನ ಮಾತ್ರೆಯ ಹೆಸರು ಓದಿ ನೀವು ಕೊಳ್ಳಬೇಡಿ. ಗರ್ಭಿಣಿಯರಂತೂ ಟೆಲ್ಮಿಸಾರ್ಟನ್, ಎನಲಾಪ್ರಿಲ್ ಮುಟ್ಟಲೇಬಾರದು; ಅವರ ಬಿಪಿಯ ದಾರಿಯೇ ಬೇರೆ, 140/90 ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ನಡಿಗೆಯ ಗೆಳೆಯರೊಬ್ಬರು, "ಬಿಪಿ ನಾರ್ಮಲ್ ಬಂತು ಸಾರ್, ಮಾತ್ರೆ ಬಿಟ್ಟುಬಿಟ್ಟೆ" ಎಂದು ಖುಷಿಯಿಂದ ಹೇಳಿದರು. ಒಡ್ಡು ಇರುವುದರಿಂದ ನಾಲೆ ನೀರು ಗದ್ದೆಗೆ ನುಗ್ಗಿಲ್ಲ. ನುಗ್ಗಿಲ್ಲವೆಂದು ಒಡ್ಡನ್ನೇ ಕಡಿಯುವವರಿಗೆ ಏನು ಹೇಳುವುದು? ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಬಿಪಿ ಮೊದಲಿಗಿಂತ ಮೇಲಕ್ಕೆ ನೆಗೆಯುತ್ತದೆ. ಒಂದು ದಿನ ಮರೆತರೆ ನೆನಪಾದಾಗ ನುಂಗಿ. ಮರುದಿನವೇ ನೆನಪಾದರೆ ಆ ದಿನದ್ದಷ್ಟೇ ನುಂಗಿ, ಎರಡು ಬೇಡ. ದುಬಾರಿಯಾಯಿತೆಂದು ಬಿಡಬೇಡಿ. ಜನೌಷಧಿ ಕೇಂದ್ರದಲ್ಲಿ ಇವು ಅಗ್ಗ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದವರಿಗೆ ಬಿಪಿ ನೋಡಿ ಉಚಿತವಾಗಿ ಮಾತ್ರೆ ಕೊಡುತ್ತಾರೆ.

ಸರ್ಪಗಂಧಿ ಬೇರು ತಿಂದರೆ ಸಾಲದೇ ಎಂದು ಹಳ್ಳಿಯ ನೆಂಟರು ಕೇಳುತ್ತಾರೆ. ಅವರ ಮಾತು ಪೂರಾ ಸುಳ್ಳಲ್ಲ. ಆ ಬೇರು ಬಿಪಿ ಇಳಿಸುವುದನ್ನು ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಎಂಬ ವೈದ್ಯ ಪತ್ರಿಕೆಯಲ್ಲಿ ಬರೆದು ಜಗತ್ತಿಗೆ ತಿಳಿಸಿದರು, 1952ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಅದರಿಂದ ರಿಸರ್ಪಿನ್ ಎಂಬ ಔಷಧವನ್ನು ಬೇರ್ಪಡಿಸಿದರು. ಮನಸ್ಸು ಕುಗ್ಗಿಸುವಂಥ ಅಡ್ಡಪರಿಣಾಮಗಳಿಂದ ಈಗ ಅದನ್ನು ಬರೆಯುವವರು ಅಪರೂಪ. ಪುಡಿಯ ಚಿಟಿಕೆಯಲ್ಲಿ ಎಷ್ಟು ಔಷಧವಿದೆ ಎಂದು ಯಾವ ತಕ್ಕಡಿಯೂ ಹೇಳುವುದಿಲ್ಲ. ಕೆಮ್ಮಿನ ಕಷಾಯಕ್ಕೆ ಹಾಕುವ ಜ್ಯೇಷ್ಠಮಧು ಹೆಚ್ಚು ದಿನ ಕುಡಿದರೆ ಬಿಪಿಯನ್ನೇ ಏರಿಸುತ್ತದೆ. ಮೊಣಕಾಲು ನೋವಿಗೆ ನಾವೇ ಕೇಳಿ ತರುವ ಡೈಕ್ಲೊಫಿನಾಕ್, ಐಬುಪ್ರೊಫೆನ್, ಮೂಗು ಕಟ್ಟಿದಾಗಿನ ಕೆಲವು ಶೀತದ ಮಾತ್ರೆಗಳು, ಗ್ಯಾಸ್‌ಗೆಂದು ಕುಡಿಯುವ ನೊರೆ ಬರುವ ಸೋಡಾ ಪುಡಿ ಇವೂ ಅದೇ ಸಾಲಿನವು. ಮೆಡಿಕಲ್ ಅಂಗಡಿಯಲ್ಲಿ ಬಿಪಿ ಇದೆ ಎಂದು ಮೊದಲೇ ಹೇಳಿ.

180/120 ದಾಟಿ ಕಂಡರೆ ಗಾಬರಿಯಾಗದೆ ಐದು ನಿಮಿಷ ಕುಳಿತು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದು ಮೈಯಲ್ಲಿ ಬೇರೇನೂ ತೊಂದರೆ ಇಲ್ಲದಿದ್ದರೆ ಅಂದೇ ವೈದ್ಯರಿಗೆ ಫೋನ್ ಮಾಡಿ, ನೀವಾಗಿಯೇ ಇನ್ನೊಂದು ಮಾತ್ರೆ ನುಂಗಬೇಡಿ, ನಾಲಿಗೆಯಡಿ ಏನನ್ನೂ ಇಡಬೇಡಿ. ಎದೆನೋವು, ಏದುಸಿರು, ಕಣ್ಣು ಮಂಜಾಗುವುದು, ಹಿಂದೆಂದೂ ಕಾಣದ ತಲೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಇವುಗಳಲ್ಲಿ ಒಂದಿದ್ದರೂ, ಯಂತ್ರ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ. ಲಕ್ವ ಹೊಡೆದರೆ ಶುರುವಾದ ಸಮಯವನ್ನು ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಅದು. ಬಾಯಿಗೆ ನೀರು ಹಾಕಬೇಡಿ.

ವೇಬ್ರಿಡ್ಜ್‌ಗೆ ವರ್ಷಕ್ಕೊಮ್ಮೆ ಮಾಪನ ಇಲಾಖೆಯವರು ಬಂದು ಪರೀಕ್ಷಿಸಿ ಮುದ್ರೆ ಹಾಕುತ್ತಿದ್ದರು. ಅದೇ ರೀತಿ ವರ್ಷಕ್ಕೊಮ್ಮೆ ನನ್ನ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿಗೆ ಒಯ್ಯುತ್ತೇನೆ. ಅವರ ಯಂತ್ರದಲ್ಲಿ ಒಮ್ಮೆ, ನನ್ನದರಲ್ಲಿ ಒಮ್ಮೆ, ಮತ್ತೆ ಅವರದರಲ್ಲಿ. ಹೋದ ವರ್ಷ ನನ್ನದು ನಾಲ್ಕು ಹೆಚ್ಚು ತೋರಿಸಿತು. ಅದನ್ನೂ ತಾರೀಕನ್ನೂ ಯಂತ್ರದ ಬೆನ್ನಿಗೆ ಚೀಟಿ ಅಂಟಿಸಿ ಬರೆದಿದ್ದೇನೆ. ಹತ್ತು ಹೆಚ್ಚೋ ಕಡಿಮೆಯೋ ಆದ ದಿನ ಹೊಸದು ಕೊಳ್ಳುವುದು ಎಂದು ಮನೆಯಲ್ಲಿ ತೀರ್ಮಾನವಾಗಿದೆ.